ಇಸ್ತ್ರಿ ಮೇಜಿನ ಜಾಗ

ಇಸ್ತ್ರಿ ಅಕ್ಕನ ಮೇಜನ್ನು ಕಿಟಕಿಯಿರುವ ಪಕ್ಕದ ಕೋಣೆಗೆ ಸಾಗಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಲು ಶುರು ಮಾಡಿದವಳು ಪುಟ್ಟಮ್ಮನೇ. ಒಳ್ಳೆಯವರಿಗೆ ಒಳ್ಳೆಯದು ಮಾಡಿದ ಸಮಾಧಾನ ಅವಳ ಮುಖದ ಮೇಲೆ ಹೊಸ ಬಟ್ಟೆಯ ಹಾಗೆ ಗರಿಗರಿಯಾಗಿತ್ತು. ಆ ಗರಿ ವಾರದೊಳಗೆ ಮುದುರಿತು.

ಪುಟ್ಟಮ್ಮ ಎಂದರೆ ಪುಟ್ಟ ಹುಡುಗಿಯೇನಲ್ಲ. ಕಿವಿಯ ಹಿಂದೆ ಬಿಳಿಕೂದಲು ಇಣುಕುತ್ತಿದ್ದ, ವಿಮಾ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ದುಡಿದು ಬಂದ ಹೆಂಗಸು. ಆದರೆ ಹೊಲಿಗೆ ಕೋಣೆಯವರ ಕಣ್ಣಿಗೆ ಅವಳು ಇನ್ನೂ ಯಜಮಾನರ ಮಗಳು, ಬಟ್ಟೆಚೂರುಗಳ ರಾಶಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದ ಮಗು. ಅಧಿಕಾರ ವಹಿಸಿಕೊಂಡ ಮೊದಲ ದಿನ "ನನ್ನನ್ನ ಮೇಡಂ ಅಂತ ಕರೀರಿ" ಎಂದು ಹೇಳಿ ನೋಡಿದಳು. "ಆಗಲಿ ಪುಟ್ಟಮ್ಮ" ಎಂದರು ಎಲ್ಲರೂ ಒಕ್ಕೊರಲಿನಿಂದ.

ಕೋಣೆ ಇದ್ದದ್ದು ಕಟ್ಟಡದ ತುತ್ತತುದಿಯಲ್ಲಿ. ಕೆಳಗೆ ಚಪ್ಪಲಿ ಅಂಗಡಿ, ನಡುವೆ ಹಲ್ಲಿನ ಡಾಕ್ಟರು, ಮೇಲೆ ಇವರು. ಲಿಫ್ಟ್ ಇಲ್ಲ. ಯಜಮಾನರ ಮೊಣಕಾಲು ಕೈಕೊಟ್ಟ ಮೇಲೆ ಅವರು ಮಗಳನ್ನು ಕರೆಸಿ ಬೀಗದ ಕೈ ಕೊಟ್ಟಿದ್ದರು. ಕೊಡುವಾಗ ಒಂದು ಮಾತನ್ನೂ ಹೇಳಿದ್ದರು.

"ಚಪ್ಪಲಿ ಅಂಗಡಿಯವನು ಗೋದಾಮಿಗೆ ಅಂತ ಆ ಜಾಗ ಕೇಳ್ತಾ ಇದ್ದಾನೆ. ನಾನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ವಾದ್ಯವೃಂದದವರು ಹೊಲಿಯೋಕೆ ಕೊಟ್ಟಿರೋ ಕೋಟು ಅವರಿಗೆ ಒಪ್ಪಿಗೆಯಾದರೆ ಕೋಣೆ ನೀನು ನಡೆಸು. ಆಗಲಿಲ್ಲವೋ, ಅವನು ಅಲ್ಲಿ ಚಪ್ಪಲಿ ತುಂಬಿಕೊಳ್ಳಲಿ. ನನಗಂತೂ ಇನ್ನು ತಲೆನೋವು ಬೇಡ."

ವಾದ್ಯವೃಂದದ ಕೋಟೆಂದರೆ ಹುಡುಗಾಟವಲ್ಲ. ಹೋಟೆಲಿನ ಬಾಗಿಲು ಕಾಯುವವನಿಗೆ ಕೋಟು ಹೊಲಿಯುವುದು ಸುಲಭ. ಅವನು ಕೈ ಕೆಳಗೆ ಬಿಟ್ಟುಕೊಂಡು ನಿಂತಿರುತ್ತಾನೆ. ವಾದ್ಯ ನುಡಿಸುವವನ ಕೈ ಮೇಲೇ ಇರುತ್ತದೆ. ಕೈ ಮೇಲೆ ಹೋದಾಗ ಕೋಟೂ ಅದರ ಬೆನ್ನಿಗೇ ಮೇಲೆ ಹೋಗಬಾರದು. ಅದಕ್ಕೆ ಕಂಕುಳಿನ ಕಡೆ ಬಟ್ಟೆಯನ್ನು ಎಷ್ಟು ಎತ್ತರಕ್ಕೆ ಕತ್ತರಿಸಬೇಕು ಎಂಬುದು ಕತ್ತರಿಸುವವನಿಗೆ ಗೊತ್ತಿರಬೇಕು. ತೋಳನ್ನು ಎಲ್ಲಿ ಬಿಗಿಹಿಡಿದು ಎಲ್ಲಿ ಸಡಿಲ ಬಿಟ್ಟು ಕೂಡಿಸಬೇಕು ಎಂಬುದು ಹೊಲಿಯುವವನಿಗೆ ಗೊತ್ತಿರಬೇಕು. ಒಬ್ಬರ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ಗೊತ್ತಿರಬೇಕು. ತಾಪತ್ರಯ ಇದ್ದದ್ದು ಈ ಮೂರನೆಯದರಲ್ಲಿ.

ಕತ್ತರಿಸುವವರು ಕಟಿಂಗ್ ಮೇಷ್ಟ್ರು. ಸಣಕಲು ಆಳು, ಬಾಯಲ್ಲಿ ಸದಾ ಗುಂಡುಸೂಜಿ, ಹಾಗಾಗಿ ಆಡಿದ ಮಾತು ಅರ್ಧ ತುಟಿಯಲ್ಲೇ ಉಳಿಯುತ್ತಿತ್ತು. ಹೊಲಿಯುವವರು ಕಾಲರ್ ಮಾವ. ದೊಡ್ಡ ಮೈ, ಸಣ್ಣ ಮುನಿಸು. ಅವರು ಕೂಡಿಸಿದ ಕಾಲರು ಕತ್ತಿಗೆ ಅಂಟಿಕೊಂಡು ಹುಟ್ಟಿದ್ದೇನೋ ಎನ್ನುವಂತಿರುತ್ತಿತ್ತು. ಮೇಷ್ಟ್ರ ಮಗಳನ್ನು ಮಾವನ ಮಗನಿಗೆ ಕೊಟ್ಟಿತ್ತು. ಇಬ್ಬರೂ ಬೀಗರು. ಮದುವೆಗೆ ಹುಡುಗನ ಕೋಟನ್ನು ಮೇಷ್ಟ್ರೇ ಕತ್ತರಿಸಿದರು, ಮಾವನೇ ಹೊಲಿದರು. ಇಡೀ ಕೋಣೆ ಸೇರಿ ಮಾಡಿದ ಕೋಟು. ಫೋಟೋ ಬಂದಾಗ ನೋಡಿದರೆ ಎಡತೋಳು ಬಲತೋಳಿಗಿಂತ ಗಿಡ್ಡ. ಕತ್ತರಿಸಿದ್ದು ತಪ್ಪೋ, ಹೊಲಿದದ್ದು ತಪ್ಪೋ? ಅಲ್ಲಿಗೆ ಬೀಗರ ಮಾತುಕತೆ ಮುಗಿಯಿತು. ಹುಡುಗ ಹುಡುಗಿ ಮಾತ್ರ ಸುಖವಾಗಿದ್ದರು, ಮೊಮ್ಮಗಳೂ ಹುಟ್ಟಿದ್ದಳು. ಅವಳ ಹೊಟ್ಟೆನೋವು, ಹೊಸ ಹಲ್ಲು ಎಲ್ಲ ಸುದ್ದಿಯೂ ಇಬ್ಬರಿಗೂ ಬೇರೆ ಬೇರೆ ದಾರಿಯಿಂದ ಬರುತ್ತಿತ್ತು. ಆ ಫೋಟೋ ಇಬ್ಬರ ಮನೆಯ ಗೋಡೆಯ ಮೇಲೂ ಇತ್ತು. ತೆಗೆಯಲು ಇಬ್ಬರೂ ಒಪ್ಪಿರಲಿಲ್ಲ. ತಪ್ಪು ಬೀಗರದ್ದು ಎನ್ನುವುದಕ್ಕೆ ಅದೇ ಸಾಕ್ಷಿಯಲ್ಲವೇ!

ಪುಟ್ಟಮ್ಮ ಬಂದ ಹೊಸತರಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದ್ದಳು. ವಿಮಾ ಕಂಪನಿಯಲ್ಲಿ ಕಲಿತದ್ದು: ಯಾರಿಂದ ನಿಮ್ಮ ಕೆಲಸ ಹಗುರಾಗುತ್ತೆ? ಮೇಷ್ಟ್ರು ಸೂಜಿ ಕಚ್ಚಿಕೊಂಡು ಯೋಚಿಸಿ ಇಸ್ತ್ರಿ ಅಕ್ಕನ ಕಡೆ ಕಣ್ಣು ಹಾಯಿಸಿದರು. "ಅವಳು ರಜೆ ಹಾಕಿದ ದಿನ ನನ್ನ ಕತ್ತರಿ ಮೊಂಡಾಗುತ್ತೆ." ಕಾಲರ್ ಮಾವ ಹೇಳಿದ್ದೂ ಅವಳ ಹೆಸರೇ. "ಯಾಕೆ ಅಂತ ಕೇಳಬೇಡ. ಹೇಳೋಕೆ ಬರಲ್ಲ." ಕಾಜಾ ಕಟ್ಟಿ ಗುಂಡಿ ಹೊಲಿಯುವ ಗುಂಡಿ ಅಜ್ಜಿಯಂತೂ, "ಅವಳೇನು ಮಾಡ್ತಾಳೆ? ಸುಮ್ನೆ ನಿಂತಿರ್ತಾಳೆ. ಎಲ್ಲರ ಬುತ್ತಿಗೂ ಕೈ ಹಾಕ್ತಾಳೆ. ಆದರೂ ಅವಳೇ" ಎಂದಳು.

ಹಾಗಾದರೆ ಅವಳನ್ನು ಗುರುತಿಸಬೇಕಲ್ಲ! ಗುರುತಿಸಲು ಆ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಕೆಲಸವೊಂದು ಮುಗಿದಾಗ ಉಳಿದ ಬಟ್ಟೆಯಲ್ಲಿ ಕೋಣೆಯವರೊಬ್ಬರಿಗೆ ಕೋಟು. ತೊಡುವವರಿಗೆ ಸುಳಿವು ಸಿಗದ ಹಾಗೆ ಉಳಿದವರು ಹೊಲಿಯಬೇಕು. ಕೊಡುವಾಗ ಯಜಮಾನರು ಯಾಕೆ ಕೊಡುತ್ತಿದ್ದೇವೆಂದು ಎಲ್ಲರೆದುರು ಬಿಡಿಸಿ ಹೇಳಬೇಕು. ಮೇಷ್ಟ್ರಿಗೆ ಬಂದಿತ್ತು, ಮಾವನಿಗೆ ಬಂದಿತ್ತು, ಗುಂಡಿ ಅಜ್ಜಿಗೂ ಬಂದಿತ್ತು. ಇಸ್ತ್ರಿ ಅಕ್ಕನಿಗೆ ಬಂದಿರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಅವಳ ಮೇಜಿನ ಮೇಲೆ ಹತ್ತಾರು ಸಲ ಹೋಗಿಬಾರದೆ ಯಾವ ಬಟ್ಟೆಯೂ ಕೋಟಾಗುವುದಿಲ್ಲ. ಅವಳ ಕೋಟನ್ನು ಅವಳಿಂದಲೇ ಮುಚ್ಚಿಟ್ಟು ಹೊಲಿಯುವುದು ಹೇಗೆ? ಆ ಪ್ರಶ್ನೆಗೆ ಉತ್ತರ ಸಿಗದೆ ಸರದಿ ಪ್ರತಿಸಲವೂ ಅವಳನ್ನು ದಾಟಿ ಹೋಗುತ್ತಿತ್ತು.

ಅದಕ್ಕೇ ಪುಟ್ಟಮ್ಮ ಕಿಟಕಿಯ ಯೋಚನೆ ಮಾಡಿದ್ದು. ಇಸ್ತ್ರಿ ಮೇಜು ಇದ್ದದ್ದು ದೊಡ್ಡ ಕೋಣೆಯ ನಟ್ಟನಡುವೆ, ಕತ್ತರಿಸುವ ಮೇಜಿಗೂ ಹೊಲಿಗೆ ಯಂತ್ರಕ್ಕೂ ಮಧ್ಯೆ. ಅಲ್ಲಿ ಬೆಳಕಿಲ್ಲ, ಗಾಳಿಯಿಲ್ಲ, ಬರೀ ಹಬೆ. ಪ್ಲೈವುಡ್ ಗೋಡೆಯ ಆಚೆ, ಹಳೆಯ ಸಾಮಾನು ತುಂಬಿದ್ದ ಕಿರುಕೋಣೆಗೆ ಬೀದಿಯ ಕಡೆ ದೊಡ್ಡ ಕಿಟಕಿಯಿತ್ತು. ಅದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಹೊಸ ಇಸ್ತ್ರಿಪೆಟ್ಟಿಗೆ ತರಿಸಿದಳು.

"ಇಲ್ಲೇ ಇರ್ತೀನಿ ಬಿಡು ಪುಟ್ಟಮ್ಮ" ಎಂದಿದ್ದಳು ಇಸ್ತ್ರಿ ಅಕ್ಕ.

"ಹಬೆಯಲ್ಲಿ ಬೇಯ್ತಾ ಇದ್ದೀರಲ್ಲ ಅಕ್ಕ. ಅಲ್ಲಿ ಗಾಳಿ ಬರುತ್ತೆ."

"ಗಾಳಿ ಬರುತ್ತೆ, ನಿಜ. ಆದರೆ..."

"ಆದರೆ ಏನು?"

ಇಸ್ತ್ರಿ ಅಕ್ಕ ಎಡಗಡೆ ನೋಡಿದಳು, ಬಲಗಡೆ ನೋಡಿದಳು. "ಏನಿಲ್ಲ ಬಿಡು."

ಆಮೇಲೆ ಚಪ್ಪಾಳೆ.

*

ಎರಡೇ ದಿನಕ್ಕೆ ಕೋಣೆಯಲ್ಲಿ ಮೌನ ಬಿತ್ತು. ಮೇಷ್ಟ್ರು ಕತ್ತರಿಸಿದ ತುಂಡುಗಳನ್ನು ಕಾಲರ್ ಮಾವ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿ, ಏನೋ ಕೇಳಬೇಕೆಂದು ಬಾಯಿ ತೆರೆದು, ಖಾಲಿ ಜಾಗವನ್ನು ನೋಡಿ ಬಾಯಿ ಮುಚ್ಚುತ್ತಿದ್ದರು. ಮೇಷ್ಟ್ರೂ ಅಷ್ಟೇ. ಮೊದಲಾದರೆ ಇಬ್ಬರೂ ನಡುವೆ ನಿಂತ ಇಸ್ತ್ರಿ ಅಕ್ಕನಿಗೆ ಗೊಣಗುತ್ತಿದ್ದರು. ಮಾವನ ಯಂತ್ರದ ಗದ್ದಲದಲ್ಲಿ ಮೇಷ್ಟ್ರ ಗೊಣಗು ಆಚೆ ಕೇಳುತ್ತಿರಲಿಲ್ಲ, ಮಾವನ ಗೊಣಗು ಈಚೆ ಕೇಳುತ್ತಿರಲಿಲ್ಲ. ಬಟ್ಟೆ ಮೇಜು ದಾಟುವಾಗ ಮಾತೂ ದಾಟುತ್ತಿತ್ತು.

ಇಷ್ಟು ಪುಟ್ಟಮ್ಮನಿಗೆ ಅರ್ಥವಾಯಿತು. ಅದಕ್ಕೇನು, ಮಾತು ದಾಟಿಸುವ ಕೆಲಸ ಯಾರು ಬೇಕಾದರೂ ಮಾಡಬಹುದಲ್ಲ! ತಾನೇ ಮಾಡುತ್ತೇನೆಂದು ಸೆರಗು ಕಟ್ಟಿ ನಿಂತಳು. ಮಾಡಿದ ಮೊದಲ ಸುಧಾರಣೆಯೆಂದರೆ ಮಾತಾಡುವಾಗ ಮೇಷ್ಟ್ರ ಬಾಯಿಂದ ಸೂಜಿ ತೆಗೆಸಿದ್ದು.

ಸೂಜಿ ತೆಗೆದ ಬಾಯಿಯಿಂದ ಮೇಷ್ಟ್ರ ಮಾತು ಸ್ಪಷ್ಟವಾಗಿ ಬಂತು. "ಆ ಮಹಾನುಭಾವರಿಗೆ ಹೇಳು. ತೋಳಿನ ಒಳಗೆ ಅರ್ಧ ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿದ್ದೀನಿ. ಅದನ್ನೂ ನುಂಗಿಹಾಕಿದರೆ ಈ ಸಲ ಊರೇ ನೋಡುತ್ತೆ, ಬರೀ ಫೋಟೋ ಅಲ್ಲ ಅಂತ ಹೇಳು."

ಪುಟ್ಟಮ್ಮ ಹೋಗಿ ಹೇಳಿದಳು. ಕಾಲರ್ ಮಾವ ಯಂತ್ರ ನಿಲ್ಲಿಸಿದರು.

"ಹಾಗಂದರಾ?"

"ಹಾಗೇ ಅಂದರು ಮಾವ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ."

ಅದು ಅವಳ ಹೆಮ್ಮೆ. ವಿಮಾ ಕಂಪನಿಯಲ್ಲಿ ಅವಳು ಬರೆದ ವರದಿಯೆಂದರೆ ಕಣ್ಣುಮುಚ್ಚಿ ನಂಬುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಎಂದು ಹೆಸರು.

ಮಾವ ಗೋಡೆ ನೋಡಿಕೊಂಡು ಹೇಳಿದರು: "ಹಾಗಾದರೆ ನನ್ನದೂ ಒಂದು ಮಾತು ತಲುಪಿಸು. ಕಂಕುಳು ಇಷ್ಟು ಕೆಳಗೆ ಬಂದಿದೆಯಲ್ಲ, ಇವರು ಕತ್ತರಿಸಿದ್ದು ಕೋಟಿಗೋ ಗೋಣಿಚೀಲಕ್ಕೋ ಅಂತ ಕೇಳು."

ಅದನ್ನೂ ಹಾಗೇ ತಲುಪಿಸಿದಳು. ಮೇಷ್ಟ್ರ ಕೈಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯಿತು. ಆಮೇಲಿನ ದಿನಗಳಲ್ಲಿ ಅವಳು ಎಡಕ್ಕೂ ಬಲಕ್ಕೂ ಓಡಾಡಿದ್ದೇ ಓಡಾಡಿದ್ದು. ಗೋಣಿಚೀಲಕ್ಕೆ ಉತ್ತರವಾಗಿ ಕುಂಬಳಕಾಯಿ ಹೋಯಿತು, ಕುಂಬಳಕಾಯಿಗೆ ಉತ್ತರವಾಗಿ ಒಣಕಲು ಕೋತಿ ಬಂತು. ಕೊನೆಗೆ ಮೇಷ್ಟ್ರು ಹಟಕ್ಕೆ ಬಿದ್ದು ಕಂಕುಳನ್ನು ಇನ್ನಷ್ಟು ಕೆಳಗೆ ಇಳಿಸಿದರು, ಮಾವ ಹಟಕ್ಕೆ ಬಿದ್ದು ಅರ್ಧ ಬೆರಳನ್ನು ಪೂರ್ತಿ ನುಂಗಿದರು. ಗುಂಡಿ ಅಜ್ಜಿ ಮಾತ್ರ ತನ್ನ ಪಾಡಿಗೆ ಗುಂಡಿ ಹೊಲಿದಳು. ಗುಂಡಿಗಳು ಬಹಳ ಚೆನ್ನಾಗಿ ಬಂದವು.

ಮಾದರಿ ಕೋಟು ತೊಟ್ಟು ನೋಡಲು ವಾದ್ಯವೃಂದದ ನಿರ್ದೇಶಕರು ಮೆಟ್ಟಿಲು ಹತ್ತಿ ಬಂದರು. ಬೋಳುತಲೆಯ, ಒಣ ಮಾತಿನ ಮನುಷ್ಯ. ಕನ್ನಡಿ ಮುಂದೆ ನಿಂತಾಗ ಕೋಟು ಚೆಂದವಾಗೇ ಕಂಡಿತು. ಅವರು ಎರಡೂ ಕೈ ಎತ್ತಿದರು. ಅವರ ಜೊತೆಗೆ ಕೋಟೂ ಎದ್ದಿತು. ಭುಜ ಕಿವಿಗೆ ಬಂತು, ಕಾಲರು ನೆತ್ತಿಯ ಕಡೆ ಹೊರಟಿತು, ನಡುವೆ ಮುಖ ಆಮೆಯ ತಲೆಯಂತೆ ಸಿಕ್ಕಿಕೊಂಡಿತು.

"ನೋಡಿ," ಎಂದರು ನಿರ್ದೇಶಕರು ಕೋಟಿನ ಒಳಗಿನಿಂದ, "ನಮ್ಮ ಕೆಲಸದಲ್ಲಿ ಕಿವಿ ಹೊರಗಿದ್ದರೆ ಅನುಕೂಲ."

ಮುಂದಿನ ವಾರ ಇನ್ನೊಮ್ಮೆ ಬರುತ್ತೇನೆ, ಅದೇ ಕೊನೆ ಎಂದು ಹೇಳಿ ಇಳಿದು ಹೋದರು. ಅವರ ಹೆಜ್ಜೆಯ ಸದ್ದು ಅಡಗುವುದರೊಳಗೆ ಪುಟ್ಟಮ್ಮನ ಕಣ್ಣಿಗೆ ಆ ಕೋಣೆಯ ತುಂಬ ಚಪ್ಪಲಿ ಪೆಟ್ಟಿಗೆಗಳು ಕಾಣಿಸತೊಡಗಿದವು.

ಮೇಷ್ಟ್ರು ತಮ್ಮ ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಸ್ವಂತ ಕತ್ತರಿ ಅದು. ಸುತ್ತಿದರೆಂದರೆ ಹೊರಟರೆಂದೇ ಅರ್ಥ.

"ಬೇಡ ಪುಟ್ಟಮ್ಮ, ತಡೀಬೇಡ. ಇಷ್ಟು ವರ್ಷ ಅವರು ನನ್ನ ಮುಖ ನೋಡಿಲ್ಲ, ಸರಿ. ಆದರೆ ಕೆಲಸದ ವಿಷಯಕ್ಕೆ ಬಂದರೆ ಮರ್ಯಾದೆ ಕೊಡ್ತಿದ್ದರು. 'ಮೇಷ್ಟ್ರ ಕತ್ತರಿ ಹೋದ ದಾರಿಯೇ ದಾರಿ' ಅಂತ ಹೇಳಿ ಕಳಿಸೋರು. ಮನುಷ್ಯ ಮೊಂಡ, ಆದರೂ ಕಸುಬಿನ ಬೆಲೆ ಗೊತ್ತಿರೋನು ಅಂದುಕೊಂಡಿದ್ದೆ. ಈಗ ನೋಡಿದರೆ ಕೋತಿಯಂತೆ! ಬೀಗರ ಮನಸ್ಸು ಯಾಕೆ ಹೀಗೆ ಕೆಟ್ಟುಹೋಯಿತೋ."

ಅವಳು ದಿಕ್ಕು ತೋಚದೆ ಯಂತ್ರದ ಕಡೆ ಹೋದಳು. ಕಾಲರ್ ಮಾವ ಬಾಬಿನ್ ಬಿಚ್ಚಿಟ್ಟು ಸುಮ್ಮನೆ ಕೂತಿದ್ದರು.

"ಮೇಷ್ಟ್ರು ಎಂದೂ ಹೀಗೆ ಮಾತಾಡಿದೋರಲ್ಲ" ಎಂದರು. "'ಮಿಕ್ಕಿದ್ದು ನಿಮ್ಮ ಕೈಗೆ ಬಿಟ್ಟಿದ್ದು' ಅಂತ ಹೇಳಿ ಕಳಿಸೋರು, ಪ್ರತಿ ಕೋಟಿಗೂ. ಆ ಒಂದು ಮಾತಿಗೋಸ್ಕರ ನಾನು ಬೇರೆ ಕಡೆ ಹೋಗದೆ ಇಲ್ಲಿ ಕೂತಿದ್ದೆ ಕಣಮ್ಮ."

ಪುಟ್ಟಮ್ಮ ಅವರಿಬ್ಬರ ನಡುವೆ ಬಂದು ನಿಂತಳು. ಕಾಲ ಕೆಳಗೆ ನೆಲದಲ್ಲಿ ಇಸ್ತ್ರಿ ಮೇಜಿನ ಕಾಲುಗಳು ಊರಿದ್ದ ಗುಳಿಗಳು. ಗೋಡೆಯ ಬದಿಯಿಂದ ಆ ಗುಳಿಗಳವರೆಗೆ ಯಾವಾಗಲೋ ಭಾರವಾದದ್ದನ್ನು ಎಳೆದು ತಂದ ಗೀರು. ಅವಳು ಫೋನ್ ತೆಗೆದು ಅಪ್ಪನಿಗೆ ಮಾಡಿದಳು.

"ಅಪ್ಪಾ, ಇಸ್ತ್ರಿ ಮೇಜನ್ನ ನಡುವೆ ಹಾಕಿಸಿದ್ದು ನೀನಾ?"

"ನಾನ್ಯಾಕೆ ಹಾಕಿಸಲಿ? ಓಡಾಡೋ ದಾರಿಗೆ ಅಡ್ಡ ಅಂತ ಬೈದಿದ್ದೆ ಕೂಡ. ಆ ಮದುವೆ ಆಯ್ತಲ್ಲ, ಆಮೇಲೆ ಒಂದು ದಿನ ಅವಳೇ ತಳ್ಳಿಕೊಂಡು ಬಂದು ನಿಲ್ಲಿಸಿದಳು. ಯಾಕೆ ಅಂದರೆ ಗೋಡೆಗೆ ಹಬೆ ಹೊಡೆಯುತ್ತೆ ಅಂದಳು. ಈಗ್ಯಾಕೆ ಅದು?"

*

ಇಸ್ತ್ರಿ ಅಕ್ಕ ಕಿಟಕಿಗೆ ಮೊಣಕೈ ಊರಿ ಬೀದಿ ನೋಡುತ್ತಿದ್ದಳು. ಹಲ್ಲಿನ ಡಾಕ್ಟರ ಬಳಿಯಿಂದ ಕೆನ್ನೆ ಹಿಡಿದುಕೊಂಡು ಹೊರಬರುವವರನ್ನು ನೋಡುವುದು ಅವಳ ಹೊಸ ಮನರಂಜನೆ.

"ಅಕ್ಕ, 'ಮಿಕ್ಕಿದ್ದು ನಿಮ್ಮ ಕೈಗೆ ಬಿಟ್ಟಿದ್ದು' ಅಂತ ಮೇಷ್ಟ್ರು ಹೇಳ್ತಿದ್ದರಾ?"

"ಹೇಳಬಹುದಿತ್ತು. ಹೇಳಲಿಲ್ಲ. ನಾನೇ ಹೇಳಿದೆ."

"ಮತ್ತೆ 'ಮೇಷ್ಟ್ರ ಕತ್ತರಿ ಹೋದ ದಾರಿಯೇ ದಾರಿ' ಅಂತ?"

"ಅದು ಚೆನ್ನಾಗಿದೆ ಅಲ್ವಾ?" ಇಸ್ತ್ರಿ ಅಕ್ಕ ತಿರುಗಿದಳು. "ಮೇಷ್ಟ್ರು ಅದನ್ನ ಇನ್ನೂ ನೆನಪಿಟ್ಟಿದ್ದಾರಾ?"

"ಅದೆಲ್ಲ ಸುಳ್ಳಲ್ವಾ ಅಕ್ಕ!"

"ಮತ್ತೇನು ನಿಜವಾ? ನಿಜವನ್ನ ನೀನು ಹೇಳಿದೆಯಲ್ಲ, ನಿರ್ದೇಶಕರ ಕಿವಿ ಏನಾಯ್ತು?"

ಪುಟ್ಟಮ್ಮನಿಗೆ ಕೋಪ ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. "ಮೇಜು ಸಾಗಿಸಿದ ದಿನವೇ ಇದನ್ನ ಹೇಳಬಾರದಿತ್ತಾ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಚಪ್ಪಾಳೆ ಹೊಡೆದುಬಿಟ್ಟೆ." ಇಸ್ತ್ರಿ ಅಕ್ಕ ಒದ್ದೆ ಬೆರಳಿಂದ ಪೆಟ್ಟಿಗೆಯ ಕಾವು ನೋಡಿದಳು. "ಇನ್ನೊಂದು ಹೇಳ್ತೀನಿ ಕೇಳು. ನನಗೂ ಸಾಕಾಗಿತ್ತು. ಮನೇಲಿ ಅತ್ತೆ ನಾದಿನಿ ಮಧ್ಯೆ ಇದೇ ಕೆಲಸ, ಇಲ್ಲಿ ಬಂದರೆ ಇವರಿಬ್ಬರ ಮಧ್ಯೆ ಇದೇ ಕೆಲಸ. ಒಂದು ಕಿಟಕಿ ಸಿಕ್ತು. ನಾಲ್ಕು ದಿನ ಇವರ ಹಣೆಬರಹ ಇವರೇ ನೋಡಿಕೊಳ್ಳಲಿ ಅನ್ನಿಸ್ತು. ನಾನೇನು ಕಲ್ಲಾ?"

"ಮೇಷ್ಟ್ರು ಕತ್ತರಿ ಸುತ್ತಿಟ್ಟಿದ್ದಾರೆ ಅಕ್ಕ. ಕೋಣೆ ಉಳಿಯಲ್ಲ."

ಇಸ್ತ್ರಿ ಅಕ್ಕನ ಮುಖದಿಂದ ತಮಾಷೆ ಇಳಿಯಿತು. "ಕತ್ತರಿ ಸುತ್ತಿದರಾ? ಹಾಗಾದರೆ ನಾನು ಈಗ ಹೋಗಿ ಏನು ಹೇಳಿದರೂ ನಡೆಯಲ್ಲ. ನೀನೇ ಹೋಗಬೇಕು. ಹೋಗಿ, ಆ ಮಾತೆಲ್ಲ ನೀನೇ ಸೇರಿಸಿದ್ದು ಅಂತ ಹೇಳು. ಅವರಿಗೂ ಹೇಳು, ಇವರಿಗೂ ಹೇಳು. ಬೇರೆ ಬೇರೆಯಾಗಿ ಹೇಳು."

"ನಾನಾ? ನಾನು ಜನ್ಮದಲ್ಲಿ ಒಂದಕ್ಷರ ಸೇರಿಸಿದೋಳಲ್ಲ!"

"ಅದೇ ಕಾಯಿಲೆ ನಿನ್ನದು" ಎಂದಳು ಇಸ್ತ್ರಿ ಅಕ್ಕ. "ನಿನಗೆ ಕೋಣೆ ಬೇಕೋ, ಹೆಸರು ಬೇಕೋ, ನೋಡ್ಕೋ."

ಪುಟ್ಟಮ್ಮ ಪ್ಲೈವುಡ್ ಬಾಗಿಲ ಹತ್ತಿರ ಹೋದಳು, ನಿಂತಳು, ಮತ್ತೆ ಹೋದಳು. ಮೇಷ್ಟ್ರ ಮುಂದೆ ನಿಂತು, ಬಾಯಿಪಾಠ ಮರೆತ ಮಗುವಿನ ಹಾಗೆ ಹೇಳಿದಳು.

"ಮೇಷ್ಟ್ರೇ, ಮಾವ ಕೋತಿ ಅನ್ನಲಿಲ್ಲ. ಗೋಣಿಚೀಲ ಅಂತಲೂ ಅನ್ನಲಿಲ್ಲ. ಕಂಕುಳು ಸ್ವಲ್ಪ ಮೇಲಿದ್ದರೆ ಹೇಗೆ ಅಂತ ಕೇಳಿದರು, ಅಷ್ಟೇ. ಕೆಲಸದ ಆತಂಕದಲ್ಲಿ ನಾನೇ ಏನೇನೋ ಸೇರಿಸಿಬಿಟ್ಟೆ."

ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಕಿವಿಯವರೆಗೆ ಕೆಂಪಾಗಿ ನಿಂತಿದ್ದ ಅವಳ ಮುಖ ಸತ್ಯವಂತರ ಮುಖದ ಹಾಗಿರಲಿಲ್ಲ, ಅದೇ ಒಳ್ಳೆಯದಾಯಿತು.

"ನೀನಾ! ಇಷ್ಟು ಓದಿದೋಳು!" ಎಂದರು. "ಮಾತು ತಲುಪಿಸೋಕೂ ಒಂದು ಯೋಗ್ಯತೆ ಬೇಕಮ್ಮ. ಇಸ್ತ್ರಿ ಅಕ್ಕನ್ನ ನೋಡಿ ಕಲಿ. ಹೇಳಿದ್ದನ್ನ ಹೇಳಿದ ಹಾಗೆ ದಾಟಿಸ್ತಾಳೆ." ಆಮೇಲೆ ತಡೆದು, ಧ್ವನಿ ತಗ್ಗಿಸಿದರು. "ಅದು ಸರಿ, ನಾನು ಕುಂಬಳಕಾಯಿ ಅಂದದ್ದು... ಅದನ್ನ ಹೇಳಿಬಿಟ್ಟೆಯಾ?"

"ಅದೂ ನಾನೇ ಸೇರಿಸಿದ್ದು ಅಂತ ಈಗ ಮಾವನಿಗೆ ಹೇಳೋಕೆ ಹೋಗ್ತಿದ್ದೀನಿ."

"ಹೋಗು, ಬೇಗ ಹೋಗು" ಎಂದರು ಮೇಷ್ಟ್ರು.

ಕಾಲರ್ ಮಾವನೂ ಅವಳಿಗೆ ಚೆನ್ನಾಗಿ ಬುದ್ಧಿ ಹೇಳಿದರು. ಬುದ್ಧಿ ಹೇಳುತ್ತ ಹೇಳುತ್ತ ಬಾಬಿನ್ ಮತ್ತೆ ಯಂತ್ರಕ್ಕೆ ಹಾಕಿದರು. ಸಂಜೆಯೊಳಗೆ ಪುಟ್ಟಮ್ಮನ ಬಾಯಿಗೆ ಲಗಾಮಿಲ್ಲ ಎಂಬ ಸುದ್ದಿ ಕೋಣೆಗೆಲ್ಲ ಹಬ್ಬಿತು. ಗುಂಡಿ ಅಜ್ಜಿ ತನ್ನ ಬುತ್ತಿಯಲ್ಲಿ ಒಂದು ತುತ್ತು ತೆಗೆದು ಅವಳ ಕೈಗಿಟ್ಟು, "ಇನ್ಮೇಲೆ ಮಾತಾಡೋ ಮುಂಚೆ ಅಗಿ" ಎಂದಳು.

ಮರುದಿನ ಬಡಗಿ ಬಂದ. ಮೇಜನ್ನು ಹಿಂದಕ್ಕೆ ತರುತ್ತಾರೆಂದು ಎಲ್ಲರೂ ಎಣಿಸಿದ್ದರು. ಪುಟ್ಟಮ್ಮ ಗೋಡೆಯನ್ನು ತೋರಿಸಿದಳು. ಪ್ಲೈವುಡ್ ಗೋಡೆ ಮಧ್ಯಾಹ್ನದೊಳಗೆ ನೆಲಕ್ಕೆ ಬಂತು. ಇಸ್ತ್ರಿ ಮೇಜು ಕಿಟಕಿಯ ಹತ್ತಿರವೇ ಉಳಿಯಿತು. ಅದರ ಎಡಕ್ಕೆ ಕತ್ತರಿಸುವ ಮೇಜನ್ನು ಎಳೆದು ತಂದರು, ಬಲಕ್ಕೆ ಹೊಲಿಗೆ ಯಂತ್ರವನ್ನು. ಬೆಳಕು ತಪ್ಪು ಕಡೆಯಿಂದ ಬರುತ್ತದೆಂದು ಮೇಷ್ಟ್ರು ಗೊಣಗಿದರು. ಮೇಜನ್ನು ತಿರುಗಿಸಿ ಹಾಕಿದ್ದಾಯಿತು. ಗಾಳಿಗೆ ದಾರ ಹಾರುತ್ತದೆಂದು ಮಾವ ಗೊಣಗಿದರು. ಕಿಟಕಿಯ ಒಂದು ಬಾಗಿಲು ಮುಚ್ಚಿದ್ದಾಯಿತು. ಇಸ್ತ್ರಿ ಅಕ್ಕ ಬೀದಿಯ ಕಡೆ ಒಂದು ಕಣ್ಣು, ಇವರಿಬ್ಬರ ಕಡೆ ಒಂದು ಕಣ್ಣು ಇಟ್ಟುಕೊಂಡು ಪೆಟ್ಟಿಗೆ ಕಾಯಿಸಿದಳು. ಗೊಣಗು ಒಂದು ಕಡೆಯಿಂದ ಬಂತು, ಇನ್ನೊಂದು ಕಡೆಗೆ ಹೋಯಿತು. ನಡುವೆ ಏನಾಯಿತೆಂದು ಪುಟ್ಟಮ್ಮ ಕೇಳಲಿಲ್ಲ.

ನಿರ್ದೇಶಕರು ಮತ್ತೆ ಬಂದು ಕೋಟು ತೊಟ್ಟರು. ಕೈ ಎತ್ತಿದರು. ಕೋಟು ಕದಲಲಿಲ್ಲ. ಅವರಿಗೇ ನಂಬಿಕೆ ಬರದೆ ಕಣ್ಣು ಮುಚ್ಚಿ, ಇಲ್ಲದ ವಾದ್ಯಗಾರರ ಕಡೆ ಕೈ ಬೀಸಿ ಬೀಸಿ ಬಹಳ ಹೊತ್ತು ಮೂಕ ಸಂಗೀತ ನಡೆಸಿದರು. ಕೊನೆಗೆ ಕೈ ಇಳಿಸಿ, "ಎಲ್ಲ ಕೇಳಿಸ್ತು" ಎಂದರು.

*

ವಾದ್ಯವೃಂದದ ಕೋಟುಗಳು ಹೋದ ಮೇಲೆ ಕಪ್ಪು ಬಟ್ಟೆ ಒಂದಿಷ್ಟು ಉಳಿಯಿತು. ಈ ಸಲದ ಕೋಟು ಯಾರಿಗೆ ಎಂದು ಪುಟ್ಟಮ್ಮ ಹೇಳಿದಾಗ ಮೇಷ್ಟ್ರು ಸೂಜಿ ತೆಗೆದರು.

"ಆಗೋ ಮಾತಾ? ಅವಳ ಕಣ್ಣು ತಪ್ಪಿಸಿ ಇಸ್ತ್ರಿ ಮಾಡೋರು ಯಾರು?"

"ನಾನು. ತುಂಡುಗಳನ್ನ ಮನೆಗೆ ಒಯ್ದು ಮಾಡಿಕೊಂಡು ಬರ್ತೀನಿ. ಅಳತೆ ಹೇಗೆ ತಗೋತೀರಿ?"

"ಇಷ್ಟು ವರ್ಷ ಎದುರಿಗೆ ನಿಂತ ಹೆಂಗಸು. ಅಳತೆ ಬೇಕಾ?"

ಸಂಜೆ ಇಸ್ತ್ರಿ ಅಕ್ಕ ಮೆಟ್ಟಿಲಿಳಿದು ಹೋದ ಮೇಲೆ ಒಂದಷ್ಟು ಹೊತ್ತು ಕೆಲಸ ನಡೆಯುತ್ತಿತ್ತು. ಈಗ ಇಬ್ಬರ ನಡುವೆ ನಿಲ್ಲಲು ಇದ್ದವಳು ಪುಟ್ಟಮ್ಮ ಒಬ್ಬಳೇ. ಬಾಯಿಗೆ ಲಗಾಮಿಲ್ಲದವಳೆಂದು ಮೇಷ್ಟ್ರು ಅನುಮಾನಿಸಿದರು. ಆದರೆ ಬೀಗರಿಗೆ ತಾವೇ ಹೇಳುವುದಕ್ಕಿಂತ ಇದು ವಾಸಿ.

"ನೋಡಮ್ಮ, ಇದ್ದದ್ದು ಇದ್ದ ಹಾಗೆ ಹೇಳು, ಸೇರಿಸಬೇಡ. ನಮ್ಮ ಬೀಗರಿಗೆ ಹೇಳು: ಹೆಂಗಸಿನ ಭುಜ ಅದು, ಎಮ್ಮೆಯದಲ್ಲ. ಪ್ಯಾಡ್ ತುರುಕಿ ಗುಡ್ಡ ಮಾಡಬೇಡ ಅಂತ."

ಪುಟ್ಟಮ್ಮ ಯಂತ್ರದ ಕಡೆ ನಡೆದಳು. ದಾರಿ ಚಿಕ್ಕದು. ಅಷ್ಟರಲ್ಲಿ ಯೋಚಿಸಬೇಕು.

"ಮೇಷ್ಟ್ರು ಹೇಳ್ತಾರೆ, ಭುಜಕ್ಕೆ ಪ್ಯಾಡ್ ಕಡಿಮೆ ಸಾಕಲ್ವಾ ಅಂತ. ನಿಮ್ಮ... ನಿಮ್ಮ ಹೊಲಿಗೆ ಅಷ್ಟು ಗಟ್ಟಿ ಇರುವಾಗ ಪ್ಯಾಡ್ ಯಾಕೆ ಬೇಕು ಅಂತ."

ಕಾಲರ್ ಮಾವ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಮೇಷ್ಟ್ರು ಹಾಗಂದರಾ?"

"ಹೂಂ."

"ಸೇರಿಸಿದ್ದೇನಿಲ್ಲ ತಾನೇ?"

"ಒಂದಕ್ಷರ ಇಲ್ಲ ಮಾವ."

"ಅದೇ ನೋಡು" ಎಂದು ಮಾವ ಪ್ಯಾಡನ್ನು ಪಕ್ಕಕ್ಕಿಟ್ಟರು. "ಮನುಷ್ಯ ಮೊಂಡ. ಆದರೂ ಕಸುಬಿನ ಬೆಲೆ ಗೊತ್ತು."

ಕೋಟು ಕೊಡುವ ದಿನ ಯಜಮಾನರು ಮೆಟ್ಟಿಲು ಹತ್ತಲಾರದೆ ಫೋನಿನಲ್ಲೇ ಆಶೀರ್ವಾದ ಕಳಿಸಿದರು. ಯಂತ್ರ ನಿಂತಿತು. ಗುಂಡಿ ಅಜ್ಜಿ ಸೆರಗಿನ ಮರೆಯಿಂದ ಕೋಟು ತೆಗೆದಾಗ ಇಸ್ತ್ರಿ ಅಕ್ಕ ಮೊದಲು ನಕ್ಕಳು, ಆಮೇಲೆ ಕಕ್ಕಾಬಿಕ್ಕಿಯಾದಳು, ಆಮೇಲೆ ಪುಟ್ಟಮ್ಮನನ್ನು ನೋಡಿದಳು. ಆ ನೋಟದಲ್ಲಿದ್ದದ್ದು ಹೆದರಿಕೆ. ಯಾಕೆ ಕೊಡುತ್ತಿದ್ದೇವೆಂದು ಈಗ ಹೇಳಬೇಕಲ್ಲ!

ಎಲ್ಲರೂ ಕಾದರು. ಪುಟ್ಟಮ್ಮ ಗಂಟಲು ಸರಿಮಾಡಿಕೊಂಡಳು. ಎಡಕ್ಕೆ ಮೇಷ್ಟ್ರು, ಬಲಕ್ಕೆ ಮಾವ. ಹೇಳಲು ಅವಳ ಹತ್ತಿರ ಇಡೀ ವರದಿಯೇ ಇತ್ತು.

"ಇಸ್ತ್ರಿ ಅಕ್ಕ ಚೆನ್ನಾಗಿ ಇಸ್ತ್ರಿ ಮಾಡ್ತಾರೆ" ಎಂದಳು.

ಇನ್ನೇನೋ ಇದೆಯೆಂದು ಜನ ಕಾದರು. ಇರಲಿಲ್ಲ.

"ಅಷ್ಟೇನಾ?" ಎಂದಳು ಗುಂಡಿ ಅಜ್ಜಿ. "ನನಗೆ ಕೊಟ್ಟಾಗ ನಿಮ್ಮಪ್ಪ ಅರ್ಧ ಗಂಟೆ ಹೊಗಳಿದ್ದ."

"ಅಷ್ಟೇ ಅಜ್ಜಿ."

ಇಸ್ತ್ರಿ ಅಕ್ಕನ ಉಸಿರು ಕೆಳಗಿಳಿಯಿತು. ಕೋಟು ತೊಟ್ಟಳು. ಎರಡೂ ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕೋಟು ಇದ್ದಲ್ಲೇ ಇತ್ತು. ಕಿಟಕಿಯ ಬೆಳಕಿಗೆ ತಿರುಗಿದಾಗ ಎದೆಯ ಮೇಲೆ, ಕಾಲರಿನ ಮಡಿಕೆಯ ಕೆಳಗೆ, ಪೆಟ್ಟಿಗೆ ಜಾಸ್ತಿ ಕಾದು ಬಟ್ಟೆ ಫಳಫಳ ಹೊಳೆಯುವುದು ಕಾಣಿಸಿತು. ಅವಳು ಕತ್ತು ಬಗ್ಗಿಸಿ ಅದನ್ನು ನೋಡಿದಳು.

"ಇದನ್ನ ಇಸ್ತ್ರಿ ಮಾಡಿದ ಪುಣ್ಯಾತ್ಮರು ಯಾರು?"

ಪುಟ್ಟಮ್ಮ ಸೂರು ನೋಡಿದಳು.

ಇಸ್ತ್ರಿ ಅಕ್ಕ ಕೋಟು ಬಿಚ್ಚಿ ಮೇಜಿನ ಮೇಲೆ ಹರಡಿ, ಹೊಳಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಪೆಟ್ಟಿಗೆಯನ್ನು ಮೆಲ್ಲಗೆ ತಾಗಿಸಿದಳು. ಬುಸ್ಸೆಂದು ಹಬೆ ಎದ್ದಿತು. ಮೇಷ್ಟ್ರು ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಹಬೆಯ ಕಡೆ ಗೊಣಗಿದರು.

"ಅಕ್ಕಾ, ನಮ್ಮ ಬೀಗರಿಗೆ ಹೇಳು, ಈ ಸಲ ಎಡತೋಳು ಬಲತೋಳು ಒಂದೇ ಸಮ ಇದೆ ಅಂತ. ಈಗಲಾದರೂ ಕಣ್ಣು ಕಾಣ್ತಿರಬೇಕು ಅಂತಲೂ ಹೇಳು."

ಇಸ್ತ್ರಿ ಅಕ್ಕ ಬಲಕ್ಕೆ ತಿರುಗಿದಳು. "ಮಾವ, ತೋಳು ಬಹಳ ಸಮವಾಗಿ ಬಂದಿದೆ ಅಂತಿದ್ದಾರೆ ಮೇಷ್ಟ್ರು."

"ಮತ್ತೇನಂದರು?"

"ಅಷ್ಟೇ ಅಂದರು" ಎಂದಳು ಇಸ್ತ್ರಿ ಅಕ್ಕ, ಪುಟ್ಟಮ್ಮನ ಕಡೆ ನೋಡದೆ, ಒದ್ದೆ ಬಟ್ಟೆಯನ್ನು ಇನ್ನೊಂದು ಮಗ್ಗುಲಿಗೆ ಹಾಕುತ್ತ.